ಮುಷ್ಟಿಯೊಳಗಿನ ಗೂಡು

"ಬೆಲೆ ಸಿಗದಿದ್ದರೆ ಊಹಿಸಬೇಡ, ಗೊತ್ತಿಲ್ಲ ಎನ್ನು." ಕ್ರಿಪ್ಟೊ ನಾಣ್ಯಗಳ ಹಳೆಯ ಬೆಲೆ ಹುಡುಕಿಕೊಡುವ ಟೂಲನ್ನು ಎಐ ಏಜೆಂಟುಗಳು ಹೇಗೆ ಬಳಸಬೇಕೆಂದು ಬರೆಯುತ್ತಿದ್ದ ಶ್ವೇತ, ಈ ಸಾಲನ್ನು ಏಳನೆಯ ಸಲ ತಿದ್ದಿ ಕಣ್ಣುಜ್ಜಿಕೊಂಡಳು. ಎಷ್ಟು ಹೇಳಿದರೂ ಅವು ಬಾಯಿಗೆ ಬಂದ ಬೆಲೆ ಒದರುತ್ತಿದ್ದವು.

ಅತ್ತೆ ಚಿಕ್ಕಲಕ್ಷ್ಮಮ್ಮ ರೇಷ್ಮೆಗೂಡೊಂದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ರೇಟಿನ ಕೆಲಸ ಮಾಡೋಳು ನೀನು. ಮೊನ್ನೆನೂ ಗೂಡಿನ ರೇಟು ನಾಳೆ ಏರ್ತದೆ ಅಂದೆ, ನೆನ್ನೆನೂ ಅಂದೆ. ಚಿಟ್ಟೆ ಕೊರ್ದ ಗೂಡ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಾಕಿಲ್ಲ. ಇವತ್ತೂ ಮಾರ್ದೆ ತಡೀಲೇನವ್ವ?"

"ಏರ್ತದೆ" ಎನ್ನಲು ಬಾಯಿ ತೆರೆದ ಶ್ವೇತಳ ಕಣ್ಣು ಪರದೆಯಲ್ಲಿದ್ದ ಆ ಸಾಲಿನ ಮೇಲೆ ಬಿತ್ತು.

"ಗೊತ್ತಿಲ್ಲ ಅತ್ತೆ. ಅವತ್ತೂ ಗೊತ್ತಿರಲಿಲ್ಲ. ಕೆಲ್ಸ ಮಾಡಿ ಸಾಕಾಗಿತ್ತು, ಏನೋ ಒಂದು ಅಂದ್ಬುಟ್ಟೆ."

ಚಿಕ್ಕಲಕ್ಷ್ಮಮ್ಮ ಒಳಗೆ ಬಂದು ಕೀಬೋರ್ಡಿನ ಮೇಲೆ ಮುಷ್ಟಿ ಬಿಚ್ಚಿದರು. ಗೂಡಿನ ತುದಿಯಲ್ಲಿ ಕಡಲೆಕಾಳಿನಷ್ಟು ತೂತು.