ಮೊನೆಯ ಮೇಲೆ ನಿಂತ ಬೆಳಕು

"ಉಸಿರು ಜೋರು ಬಿಟ್ರೂ ಅಲ್ಲಾಡತೈತವ್ವ," ಎಂದಳು ವಿಡಿಯೋ ಕಾಲಿನಲ್ಲಿ ತಿಪ್ಪಕ್ಕನ ಮಗಳು ಗಂಗೋತ್ರಿ. ಹೈದರಾಬಾದಿನ ಲ್ಯಾಬಿನಲ್ಲಿ ಅವಳು ಬಂಗಾರದ ಸೂಜಿಯ ಮೊನೆಗೆ ಲೇಸರ್ ಬೆಳಕನ್ನು ಕೂಡಿಸುತ್ತಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿ ಸಲ ಮಿಂಚಿ ಆರುವ ಬೆಳಕು. ಕೂದಲನ್ನು ಸಾವಿರ ಸೀಳು ಮಾಡಿದರೆ ಸಿಗುವ ಒಂದೆಳೆಯಷ್ಟು ಜಾಗದಲ್ಲಿ ಅದು ನಿಲ್ಲಬೇಕು. ವರ್ಷದಿಂದ ನಿಂತಿರಲಿಲ್ಲ.

ಇತ್ತ ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ತಿಪ್ಪಕ್ಕ ತಟ್ಟನೆ ಪೆಡಲಿನಿಂದ ಕಾಲು ತೆಗೆದಳು. "ಎಲ್ಲಾರೂ ಮಿಷಿನ್ ನಿಲ್ಲಸ್ರಿ! ನನ್ನ ಮಗಳ ಬೆಳಕು ನಡುಗತೈತಿ." ಸಾಲಿನ ಮಿಷಿನ್ನುಗಳೆಲ್ಲ ಒಂದೊಂದಾಗಿ ಸುಮ್ಮನಾದವು.

ಇಲ್ಲಿನ ನಡುಕ ಅಲ್ಲಿಗೆ ಮುಟ್ಟೀತೇ? ಗಂಗೋತ್ರಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಅವಳ ಪಕ್ಕದ ಪರದೆಯಲ್ಲಿ, ಕಪ್ಪಗೆ ಕಾಣುವ ಸೂಜಿಮೊನೆಯ ತುದಿಗೆ, ಎಳ್ಳಿನಷ್ಟು ಬೆಳಕು ಅಲುಗದೆ ಕೂತಿತ್ತು. ತನ್ನ ಉಸಿರು ತಾಕೀತೆಂದು ತಿಪ್ಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವ್ವಾ," ಮಗಳು ಪಿಸುಗುಟ್ಟಿದಳು, "ಇನ್ನೊಂದೀಟು ಹೊತ್ತು ಯಾರೂ ಮಿಷಿನ್ ಚಾಲೂ ಮಾಡಬ್ಯಾಡ್ರಿ."