ಎರಡನೆಯ ಲೇಪ

ಚರ್ಮ ಸುಡುವ ಆಮ್ಲದ ಮಳೆಗೆ, ಸುಡುಮಳೆಗೆ, ಮುನ್ನ ಗದಗಿನಲ್ಲಿ ಮಕ್ಕಳ ಮೈಗೆಲ್ಲ ರೇಷ್ಮೆ-ಪ್ರೋಟೀನಿನ ಲೇಪ ಹಚ್ಚುವುದು ವಾಡಿಕೆ. ಅದು ನೀರನ್ನು ತಡೆಯುತ್ತದೆ, ಬೆವರನ್ನು ಬಿಡುತ್ತದೆ. ಹಳೆಯದು ಸವೆದಿದೆಯೆಂದುಕೊಂಡು ಸರೋಜಾ ಮೂರು ವರ್ಷದ ಮಗಳು ಅಂಬಿಗೆ ಅದರ ಮೇಲೆಯೇ ಇನ್ನೊಮ್ಮೆ ಹಚ್ಚಿದ್ದಳು. ಈಗ ಬೆವರೂ ಹೊರಬರುತ್ತಿಲ್ಲ. ಬೆಳಗಿನಿಂದ ಮಗುವಿನ ಮೈ ಕೆಂಡವಾಗಿದೆ. ಒದ್ದೆ ಬಟ್ಟೆ ಒತ್ತಿದರೆ ನೀರು ಮಣಿಮಣಿಯಾಗಿ ಉರುಳಿ ಚಾಪೆಗೆ ಬೀಳುತ್ತದೆ.

"ಲೇಪ ತೆಗಿಯೋ ಔಷಧ ನಾಳೆ ಬರತೈತಂತ," ಎಂದ ಆಸ್ಪತ್ರೆಯಿಂದ ಬಂದ ಗಂಡ ವಿಠ್ಠಲಸಾ.

"ನಾಳೀತನಕ ಕೂಸು ತಡೀತೈತೇನೋ, ಹುಚ್ಚಾ?" ಎಂದಳು ಅವನ ತಾಯಿ ತುಳಜಾಬಾಯಿ. ನಲವತ್ತು ವರ್ಷ ಮಟನ್ ಖಾನಾವಳಿ ನಡೆಸಿದವಳು. ಪಪ್ಪಾಯಿ ಕಾಯಿ ತಂದು ಸಿಪ್ಪೆ ಸಮೇತ ಅರೆದಳು. "ಮುದಿ ಹೋತಿನ ಮಾಂಸಾನ ಮೆತ್ತಗ ಮಾಡತೈತಿ. ಈ ಲೇಪ ಯಾವ ಲೆಕ್ಕ!"

"ಅತ್ತೀ, ಚರ್ಮಾನೂ ಸುಲದ್ರ?"

ತುಳಜಾಬಾಯಿಯ ಕೈ ಅಲ್ಲೇ ನಿಂತಿತು. ಸರೋಜಾ ಮಗಳ ಸುಡುವ ಹಣೆ ಮುಟ್ಟಿ ನೋಡಿ, ಬಟ್ಟಲು ಕಸಿದುಕೊಂಡು ಮಗಳ ಬೆನ್ನಿಗೆ ತಾನೇ ಬಳಿದಳು. ಸ್ವಲ್ಪ ಹೊತ್ತು ಕಾದು ತೊಳೆದಳು, ಹನಿಗಳು ಉರುಳಿದವು. ಮತ್ತೆ ಬಳಿದಳು, ಮತ್ತೆ ಉರುಳಿದವು. ಮೂರನೆಯ ಸಲ ಒಂದು ಹನಿ ನಿಂತು, ಹರಡಿ, ಚರ್ಮ ತೋಯಿಸಿತು. ಬೆನ್ನು ಕೆಂಪಾಯಿತು. ಮಧ್ಯಾಹ್ನದಿಂದ ಕಣ್ಣೇ ತೆರೆಯದಿದ್ದ ಅಂಬಿ ಉರಿ ತಾಳಲಾರದೆ ಚೀರಿದಳು.

"ಅಳವ್ವಾ, ಜೋರಾಗಿ ಅಳು," ಎನ್ನುತ್ತ ಸರೋಜಾ ಎದೆಗೂ ಬಳಿಯತೊಡಗಿದಳು.