ಇಂದುಮತಿಯವರ ಫೋಲ್ಡರ್

ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಅಂಗಡಿಗೆ ಅಂದು ಬೆಳಗ್ಗೆ ಹೊಸ ಲ್ಯಾಪ್‌ಟಾಪ್ ಬಂದಿತ್ತು...

ಮಾಲೀಕ ಪ್ರಭುಲಿಂಗ ತಾನೇ ಶೋರೂಮಿಗೆ ಹೋಗಿ, ನಾಲ್ಕಾರು ಮಾಡೆಲ್ ಮುಟ್ಟಿ ನೋಡಿ ತಂದದ್ದು. ಬೆರಳಿಟ್ಟರೆ ಸಾಕು, ತೆರೆದುಕೊಳ್ಳುತ್ತಿತ್ತು.

ಅಪ್ಪ ರಾಚಪ್ಪನವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರ ಕಾಲದ ಒಂದೊಂದೇ ವಸ್ತು ಅಂಗಡಿಯಿಂದ ಹೊರಬೀಳುತ್ತಿತ್ತು. ಮರದ ಮೇಜು ಹೋಯಿತು, ಕಬ್ಬಿಣದ ಕಪಾಟು ಹೋಯಿತು... ಇಂದು ಹಳೇ ಲ್ಯಾಪ್‌ಟಾಪಿನ ಸರದಿ.

ಸೆಟಪ್ ಮಾಡಲು ಬಂದ ಟೆಕ್ನಿಷಿಯನ್ ಮೈನುದ್ದೀನ್ ಹಳೆಯದರ ಪಾಸ್‌ವರ್ಡ್ ಕೇಳಿದ.

ಅದು ಗೊತ್ತಿದ್ದದ್ದು ಇಂದುಮತಿಯವರಿಗೆ ಮಾತ್ರ. ಹತ್ತೊಂಬತ್ತು ವರ್ಷದಿಂದ ಆ ಅಂಗಡಿಯ ಬಿಲ್ಲು, ಸ್ಟಾಕು ನೋಡಿಕೊಂಡು ಬಂದವರು. ಗಂಡನ ಕಣ್ಣಿನ ಆಪರೇಷನ್ ಎಂದು ಅಂದು ರಜೆ ಹಾಕಿ ಆಸ್ಪತ್ರೆಯಲ್ಲಿದ್ದರು.

ಪ್ರಭುಲಿಂಗ ಫೋನ್ ಮಾಡಿದ. ಅವರು ಪಾಸ್‌ವರ್ಡ್ ಹೇಳಿದರು. ಕೂಡಲೇ ಗಾಬರಿಯಿಂದ,

"ಸಾವ್ಕಾರ್ರ, ಅದರಾಗ ನನ್ನ ಹೆಸರಿಂದ ಒಂದು ಫೋಲ್ಡರ್ ಐತ್ರಿ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಅದು ನಂದಲ್ರಿ, ಅದು..."

"ಪಾಸ್‌ವರ್ಡ್ ಕೇಳೇನಿ, ಪುರಾಣ ಕೇಳಿಲ್ಲ!"

ಫೋನ್ ಕಟ್.

ಬಿಲ್ಲುಗಳು, ಗಿರಾಕಿಗಳ ನಂಬರುಗಳು, ಸ್ಟಾಕಿನ ಪಟ್ಟಿ... ಎಲ್ಲವೂ ಹೊಸ ಲ್ಯಾಪ್‌ಟಾಪಿಗೆ ಬಂದವು. ಕೊನೆಗೆ ಮೈನುದ್ದೀನ್ ತಲೆಯೆತ್ತಿದ.

"ಸಾಹೇಬ್ರ, ಅಕ್ಕಾರ ಫೋಲ್ಡರ್ ಇಲ್ಲೈತ್ರಿ. ಒಂದ ಆಡಿಯೋ ಫೈಲ್ ಐತಿ. ಕಾಪಿ ಮಾಡ್ಲೇನು? ಒಂದು ನಿಮಿಷದ ಕೆಲಸ."

"ಬ್ಯಾಡ. ಕಂಪನಿ ಲ್ಯಾಪ್‌ಟಾಪ್ ಅಂದ್ರ ಇವರ ಅಡಗಿಮನಿ ಡಬ್ಬಿ ಏನು? ಯಾವುದಾದ್ರೂ ಹಾಡು ಇಟ್ಟಿರ್ತಾರ. ಎಲ್ಲಾ ಫಾರ್ಮ್ಯಾಟ್ ಹೊಡೀರಿ."

ಮೇಜಿನ ಮೇಲೆ ಫೋನ್ ರಿಂಗಾಯಿತು. ಇಂದುಮತಿ. ಪ್ರಭುಲಿಂಗ ಕಟ್ ಮಾಡಿದ.

ಮತ್ತೆ ರಿಂಗಾಯಿತು. ಮತ್ತೆ ಕಟ್ ಮಾಡಿದ.

"ಒಮ್ಮೆ ಎತ್ರಲ್ಲ..." ಎಂದ ಮೈನುದ್ದೀನ್.

"ಅಪ್ಪ ತಲೀಮ್ಯಾಲೆ ಕುಂದ್ರಿಸಿಕೊಂಡಿದ್ದ ಇವರನ್ನ. ಸ್ವಲ್ಪ ಒದ್ದಾಡ್ಲಿ ಬಿಡ್ರಿ, ಬುದ್ಧಿ ಬರ್ತೈತಿ."

ಫೋನನ್ನು ಸೈಲೆಂಟ್ ಮಾಡಿ ಮಗುಚಿಟ್ಟ. ಹಳೇ ಲ್ಯಾಪ್‌ಟಾಪಿನ ಪರದೆಯ ಮೇಲೆ, ಎಷ್ಟು ಅಳಿಸಿತೆಂದು ತೋರಿಸುವ ಅಂಕಿಗಳು ಏರುತ್ತಾ ಹೋದವು. ಅದನ್ನು ನೋಡುತ್ತಾ ಕುಳಿತವನಿಗೆ ಒಳಗೊಳಗೇ ಖುಷಿಯೇ ಆಯಿತು...

ಮುಕ್ಕಾಲು ಗಂಟೆಯ ನಂತರ ಅಂಗಡಿಯ ಮುಂದೆ ಆಟೋ ನಿಂತಿತು.

ಕಣ್ಣಿಗೆ ಪಟ್ಟಿ ಕಟ್ಟಿದ ಗಂಡನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬನನ್ನೇ ಕೂರಿಸಿ ಇಂದುಮತಿ ಓಡಿ ಬಂದಿದ್ದರು. ಮಾತನಾಡಲು ಉಸಿರೇ ಇರಲಿಲ್ಲ.

"ಅಳಿಸಿದ್ರೇನ್ರಿ?"

"ಅಳಿಸಿದೆ. ಏನ್ ಬಂಗಾರ ಹುಗದಿಟ್ಟಿದ್ರಿ ಅದರಾಗ?"

ಕೌಂಟರಿನಲ್ಲಿದ್ದ ಗಿರಾಕಿಗಳು ನಕ್ಕರು.

ಇಂದುಮತಿ ಅಲ್ಲೇ ಇದ್ದ ಪೈಪಿನ ಕಟ್ಟಿನ ಮೇಲೆ ಕುಸಿದು ಕುಳಿತರು.

"ನಿಮ್ಮ ಅಪ್ಪಾರ ದನಿ ಇತ್ರಿ..."

ನಗು ನಿಂತಿತು.

ಮೂರೂವರೆ ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, ಪ್ರಭುಲಿಂಗ ಅಪ್ಪನಿಗೆ "ನಿಮಗೇನೂ ತಿಳಿಯಂಗಿಲ್ಲ, ಮನಿಗೆ ಹೋಗ್ರಿ" ಎಂದು ಕೂಗಾಡಿ, ಬೆಳಗಾವಿಗೆ ಹೊರಟುಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ದನಿ ಹೋಗಿತ್ತು.

ಎರಡು ವರ್ಷ ಅಪ್ಪ ಪಾಟಿಯ ಮೇಲೆ ನೀರು, ಔಷಧ, ಊಟ ಎಂದಷ್ಟೇ ಬರೆದು ತೋರಿಸಿದರು. "ಅಪ್ಪಾ, ನನ್ನ ಮ್ಯಾಲೆ ಸಿಟ್ಟೈತೇನು?" ಎಂದು ಕೇಳುವ ಧೈರ್ಯ ಮಗನಿಗೆ ಒಂದು ದಿನವೂ ಬರಲಿಲ್ಲ. ಕೇಳದೇ ಉಳಿದ ಆ ಮಾತು ಅವನನ್ನು ದಿನವೂ ತಿನ್ನುತ್ತಿತ್ತು.

"ಗಂಟಲ ಆಪರೇಷನ್ ಹಿಂದಿನ ದಿನ ಅಪ್ಪಾರು ಇಲ್ಲಿಗೆ ಬಂದಿದ್ರು," ಎಂದರು ಇಂದುಮತಿ. "'ನಾಳೆಯಿಂದ ನನಗ ಮಾತಿಲ್ಲ ಅಕ್ಕಾರ. ಮಗಗ ಎರಡು ಮಾತು ಹೇಳೂದೈತಿ, ರೆಕಾರ್ಡ್ ಹೆಂಗ ಮಾಡೂದು ತೋರಸ್ರಿ' ಅಂದ್ರು. 'ನಾ ಸತ್ತು ವರ್ಷ ತುಂಬಿದ ದಿನ ಕೊಡ್ರಿ, ಅಲ್ಲೀತನಕ ಅಂವಗ ಹೇಳಬ್ಯಾಡ್ರಿ' ಅಂತ ಆಣಿ ಹಾಕಿಸಿಕೊಂಡಿದ್ರು..."

ವರ್ಷ ತುಂಬಲು ಇನ್ನು ಒಂಬತ್ತು ದಿನವಿತ್ತು.

ಮೈನುದ್ದೀನ್ ಹಳೇ ಲ್ಯಾಪ್‌ಟಾಪನ್ನು ಎತ್ತಿಕೊಂಡು ತನಗೆ ಗೊತ್ತಿದ್ದ ಎಲ್ಲರ ಬಳಿ ಅಲೆದ. ನಾಲ್ಕನೇ ದಿನ ಬಂದು, ತಲೆ ಎತ್ತದೆ, "ಸಿಗಲಿಲ್ರಿ" ಎಂದಷ್ಟೇ ಹೇಳಿ ಹೋದ.

ಇಂದುಮತಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಪ್ರಭುಲಿಂಗನೇ ಅವರ ಮನೆಗೆ ಹೋದ. ಹೊಸ್ತಿಲಲ್ಲೇ ಕೈಮುಗಿದು ನಿಂತ.

"ಅಕ್ಕಾರ... ನೀವಾದ್ರೂ ಕೇಳೀರಲ್ಲ? ಅಪ್ಪ ಏನಂದ?"

"ಇಲ್ರಿ."

"ಒಂದ ಮಾತಾದ್ರೂ?"

"ನನಗ ಹೇಳಿದ ಮಾತಲ್ಲ ಅದು. ಬಾಗಲಾ ಮುಚ್ಚಿ ಹೊರಗ ಕುಂತಿದ್ದೆ. ಆಮ್ಯಾಲೂ ತಗದು ಕೇಳಲಿಲ್ಲ. ಹದಿನಾಲ್ಕು ನಿಮಿಷದ್ದು ಅಂತ ಅಷ್ಟ ಗೊತ್ತು."

"ಹೊರಗ ಬಂದಾಗ ಮುಖ ಹೆಂಗಿತ್ತು? ಸಿಟ್ಟಿತ್ತೋ... ಅತ್ತಿದ್ನೋ?"

ಒಂದು ಸುಳ್ಳು ಸಾಕಿತ್ತು. 'ನಗ್ತಿದ್ರು' ಎಂದಿದ್ದರೆ ಅವನು ಜೀವನವಿಡೀ ಅದನ್ನೇ ಹಿಡಿದುಕೊಂಡು ಬದುಕುತ್ತಿದ್ದ. ಇಂದುಮತಿ ಅವನನ್ನೇ ಬಹಳ ಹೊತ್ತು ನೋಡಿದರು.

"ಟವೆಲ್ಲಿನಿಂದ ಮುಖ ಒರಸ್ಕೋಂತ ಬಂದ್ರು. ಬ್ಯಾಸಗಿ ದಿನ. ಬೆವರೋ ಕಣ್ಣೀರೋ ನನಗ ತಿಳೀಲಿಲ್ರಿ."

ಒಳಗಿಂದ ಗಂಡ ಕರೆದರು. ಇಂದುಮತಿ ಒಳಗೆ ಹೋದರು.

ಪ್ರಭುಲಿಂಗ ಆ ಹೊಸ್ತಿಲಲ್ಲೇ ಕುಳಿತು, ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ... ಯಾರೂ ಬಂದು ಸಮಾಧಾನ ಮಾಡಲಿಲ್ಲ.

ಒಂದು ನಿಮಿಷ ಕೇಳುವ ತಾಳ್ಮೆ ಇಲ್ಲದವನಿಗೆ, ಆಯುಷ್ಯವಿಡೀ ಕಾದರೂ ಕೇಳಿಸದ ಮಾತೊಂದು ಉಳಿದುಬಿಡುತ್ತದೆ.

ನಿಮಗೆ ಏನೋ ಹೇಳಲು ಬಂದವರ ಮಾತನ್ನು ಇವತ್ತು ನೀವು ಅರ್ಧಕ್ಕೇ ಕತ್ತರಿಸಿದಿರಾ? ಅದು ಯಾರ ಮಾತಾಗಿತ್ತು ಎಂದು ನಿಮಗೆ ಗೊತ್ತೇ...?